ವಿಮರ್ಶಕರಿಗೆ ಅಧಿಕಾರ ಎಲ್ಲಿಂದ ಬರುತ್ತದೆ?

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಆದರೆ ಯಾವ ಪುಸ್ತಕ ಒಳ್ಳೆಯದೆಂದು ನಮ್ಮ ಪರವಾಗಿ ತೀರ್ಮಾನಿಸುತ್ತಿದ್ದವರು ಬಹುಕಾಲ ದೂರದ ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಿದ್ದರು. ಅವರ ಒಂದು ಲೇಖನದಿಂದ ಕವಿಯೊಬ್ಬರು ಪ್ರಸಿದ್ಧರಾಗುತ್ತಿದ್ದರು, ಇನ್ನೊಬ್ಬರು ಮೂಲೆಗುಂಪಾಗುತ್ತಿದ್ದರು. ಇಂದು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಎರಡು ಸಾಲಿನ ಹೊಗಳಿಕೆಯೋ ಬೈಗುಳವೋ ಕ್ಷಣಾರ್ಧದಲ್ಲಿ ಊರೆಲ್ಲ ಹರಡುತ್ತದೆ. ಹಾಗಾದರೆ ವಿಮರ್ಶಕರು ಇನ್ನು ಬೇಕೇ?

ಉತ್ತರವನ್ನು ಕಲ್ಯಾಣದಲ್ಲೇ ಹುಡುಕಬಹುದು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಬ್ರಿಟಿಷರ ನ್ಯಾಯಾಲಯಗಳಲ್ಲಿ ಅದು ಬಹುಪಾಲು ಹಿಂದೂಗಳ ಆಸ್ತಿ ಹಂಚಿಕೆಯ ಕಾನೂನೇ ಆಯಿತು. ಒಬ್ಬರ ಓದು ಎಷ್ಟೋ ಮನೆಗಳ ಪಾಲನ್ನು ನಿರ್ಧರಿಸಿತು. ವ್ಯಾಖ್ಯಾನವು ತೀರ್ಪಾಗುವುದು ಹೀಗೆ.

ಕೆಲವು ದಶಕಗಳ ನಂತರ ಅದೇ ಊರಿನಲ್ಲಿ ಶರಣರು ಬೇರೊಂದು ದಾರಿ ತೋರಿದರು. 15ನೇ ಶತಮಾನದ 'ಶೂನ್ಯಸಂಪಾದನೆ' ಚಿತ್ರಿಸುವಂತೆ, ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ನಿಷ್ಠುರವಾಗಿ ಪ್ರಶ್ನಿಸುತ್ತಾರೆ. ಅಕ್ಕ ಅಂಜದೆ ಉತ್ತರಿಸುತ್ತಾರೆ. ಕೊನೆಗೆ ಪ್ರಶ್ನಿಸಿದವರೇ ಆಕೆಯ ಹಿರಿಮೆಯನ್ನು ಒಪ್ಪುತ್ತಾರೆ. ಇಲ್ಲಿ ಪ್ರಶ್ನೆಗೆ ಬೆಲೆ ಬಂದದ್ದು ಪೀಠದಿಂದಲ್ಲ, ಉತ್ತರಕ್ಕೆ ಕಿವಿಗೊಡುವ ಗುಣದಿಂದ.

ಆ ಗುಣವನ್ನು ನಾವು ಉಳಿಸಿಕೊಂಡಿದ್ದೇವೆಯೇ? ವಚನಗಳ ಅಧ್ಯಯನದಲ್ಲೇ ಬದುಕು ಸವೆಸಿದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ 'ಮಾರ್ಗ' ಕೃತಿಯ ಕೆಲವು ಅಭಿಪ್ರಾಯಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಒಂದು ಓದಿಗೆ ಇನ್ನೊಂದು ಓದೇ ಉತ್ತರವಾಗಬೇಕಿತ್ತು.

ಗುಂಡು ಹಾರಿಸಿದವರನ್ನು ಖಂಡಿಸುವುದು ಸುಲಭ. ಆದರೆ ನಾವೂ ನಿರ್ದೋಷಿಗಳಲ್ಲ. ನಮ್ಮ ಜಾತಿಯವರ, ನಮ್ಮ ಮತದವರ, ನಮ್ಮ ಗೆಳೆಯರ ಪುಸ್ತಕವನ್ನು ಓದದೆಯೇ ಹೊಗಳುತ್ತೇವೆ. ಬೇರೆಯವರದನ್ನು ಓದದೆಯೇ ತೆಗಳುತ್ತೇವೆ. ಬಿಡುಗಡೆ ಸಮಾರಂಭದ ವೇದಿಕೆಯಲ್ಲಿ ಪುಸ್ತಕದ ದೋಷ ಗೊತ್ತಿದ್ದೂ ಸುಮ್ಮನಿರುತ್ತೇವೆ. ಇದು ಸೌಜನ್ಯವಲ್ಲ. ಲೇಖಕರಿಗೂ ಓದುಗರಿಗೂ ಮಾಡುವ ಅನ್ಯಾಯ.

ವಿಮರ್ಶಕರ ಹಳೆಯ ಅಧಿಕಾರ ಹೋದದ್ದಕ್ಕೆ ದುಃಖಿಸಬೇಕಾಗಿಲ್ಲ. ಆದರೆ ಅವರ ಕೆಲಸ ಉಳಿದಿದೆ. ಪೂರ್ತಿ ಓದುವುದು, ಕಾರಣ ಕೊಟ್ಟು ಮಾತನಾಡುವುದು, ತಪ್ಪಿದ್ದರೆ ತಿದ್ದಿಕೊಳ್ಳುವುದು. ಅದೀಗ ಪ್ರತಿಯೊಬ್ಬ ಓದುಗರ ಹೊಣೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಕಲ್ಲಿನ ಮಂಟಪವನ್ನು ಸರಕಾರ ಕಟ್ಟಬಹುದು. ಪ್ರಶ್ನೆಯನ್ನು ಸಹಿಸುವ ಮಂಟಪವನ್ನು ನಾವೇ ಕಟ್ಟಬೇಕು.