ವೀರಸ್ವರ್ಗವೂ ನೆತ್ತರುಗೊಡಗೆಯೂ

ಮರಣವನ್ನು ಕಥೆಯ ಮುಕ್ತಾಯವೆಂದು ಎಣಿಸುವುದು ಲೋಕರೂಢಿ. ಈಚೆಗೆ ತರುಣರು ಆದರದಿಂದ ಓದುತ್ತಿರುವ ಒಂದು ಬಗೆಯ ಅದ್ಭುತಕಥೆಗಳಲ್ಲಾದರೋ ಮರಣವೇ ಕಥೆಯ ಆರಂಭ. ಉತ್ತರ ಯೂರೋಪಿನ ನಾರ್ಸ್ ಜನರ ಪುರಾಣಗಳನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ರಿಕ್ ರಿಯೋರ್ಡನ್ 2015ರಿಂದ 2017ರ ವರೆಗೆ ಪ್ರಕಟಿಸಿದ ಮೂರು ಸಂಪುಟಗಳ ಕಾದಂಬರಿ ಇದಕ್ಕೆ ನಿದರ್ಶನ. ಅದರ ನಾಯಕನಾದ ಮ್ಯಾಗ್ನಸ್ ಚೇಸ್ ಬಾಸ್ಟನ್ ನಗರದ ಬೀದಿಗಳಲ್ಲಿ ನೆಲೆಯಿಲ್ಲದೆ ಅಲೆಯುತ್ತಿದ್ದ ಹದಿನಾರರ ಹುಡುಗ. ಸೇತುವೆಯೊಂದರ ಮೇಲೆ ಅಗ್ನಿದೈತ್ಯನನ್ನು ಎದುರಿಸಿ ಅವನು ಮಡಿಯುತ್ತಾನೆ. ವಾಲ್ಕಿರಿಯೆಂಬ ದಿವ್ಯಕನ್ಯೆ ಅವನನ್ನು ವೀರರ ಸಭಾಸದನವಾದ ವಾಲ್ಹಾಲಾಕ್ಕೆ ಒಯ್ಯುತ್ತಾಳೆ. ಸಾಹಸಗಳೆಲ್ಲ ಮೊದಲಾಗುವುದು ಅಲ್ಲಿಂದ ಮುಂದೆ.

ಈ ಕಲ್ಪನೆ ಹಳೆಯದು. ಸುಮಾರು 1220ರಲ್ಲಿ ಐಸ್‌ಲೆಂಡಿನ ಸ್ನೋರಿ ಸ್ಟರ್ಲುಸನ್ ಸಂಗ್ರಹಿಸಿದ ಕಥೆಗಳ ಪ್ರಕಾರ, ರಣದಲ್ಲಿ ಬಿದ್ದವರು ಓಡಿನ್ ದೇವನ ಮನೆ ಸೇರಿ, ಹಗಲು ಪರಸ್ಪರ ಕಾದಿ, ಸಂಜೆಗೆ ಮತ್ತೆ ಎದ್ದು ಔತಣಕ್ಕೆ ಕೂಡುವರು. ಲೋಕಾಂತ್ಯದ ಮಹಾಯುದ್ಧಕ್ಕೆ ಓಡಿನ್ ಕೂಡಿಸುವ ಸೈನ್ಯ ಅದು. ಆ ಯುದ್ಧದಲ್ಲಿ ಅವನನ್ನು ತೋಳವೊಂದು ನುಂಗುವುದು. ಥಾರ್ ಮಹಾಸರ್ಪವನ್ನು ಕೊಂದು, ಒಂಬತ್ತು ಹೆಜ್ಜೆ ನಡೆದು, ಅದರ ವಿಷದಿಂದ ಬೀಳುವನು. ಇಷ್ಟನ್ನೂ ಮೊದಲೇ ಅರಿತು ದೇವತೆಗಳು ಯುದ್ಧಕ್ಕೆ ಸಿದ್ಧರಾಗುತ್ತಾರೆ.

ಇಂಥ ಕಥೆಗಳನ್ನು ಎಳೆಯರು ಓದುವುದು ಸರಿಯೆ? ಎರಡು ಆಕ್ಷೇಪಗಳುಂಟು. ಪರದೇಶದ ದೇವತೆಗಳ ಕಥೆ ಮಕ್ಕಳ ಮನಸ್ಸನ್ನು ನಾಡಿನಿಂದ ದೂರ ಮಾಡುತ್ತದೆಂಬುದು ಮೊದಲನೆಯದು. ಅದು ಮರಣವನ್ನು ಆಟವಾಗಿಸುತ್ತದೆಂಬುದು ಎರಡನೆಯದು.

ಮೊದಲನೆಯದಕ್ಕೆ ಬಲ ಸಾಲದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ವೀರಗಲ್ಲುಗಳು ಇದೇ ಕಲ್ಪನೆಯ ಬಂಧುಗಳು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನಗಳು ಸೇರಿವೆ. ದೇವನಹಳ್ಳಿಗೆ ಹೋಗುವ ದಾರಿಯ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಲ್ಲು, ಸುಮಾರು 750ರಲ್ಲಿ, ಗಂಗರ ಶ್ರೀಪುರುಷನ ಕಾಲದಲ್ಲಿ, ದಾಳಿಯೊಂದನ್ನು ಎದುರಿಸಿ ಮಡಿದ ಕಿತ್ತಯ್ಯನದು. ಮೂರು ಪಟ್ಟಿಕೆಗಳ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ಅನೇಕ ವೇಳೆ ತುರುಗಳ ಸಾಲು, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ವಾಲ್ಕಿರಿಯನ್ನು ಬಲ್ಲ ಬಾಲಕನಿಗೆ ಈ ಅಪ್ಸರೆಯರು ಅಪರಿಚಿತರಾಗಿ ತೋರಲಾರರು.

ಎರಡನೆಯ ಆಕ್ಷೇಪ ಗುರುತರವಾದದ್ದು. ಕಾದಂಬರಿಯಲ್ಲಿ ಸತ್ತವರಿಗಾಗಿ ಅಳುವವರಿಲ್ಲವೆಂದಲ್ಲ. ಆದರೆ ಕಥೆಯು ಸತ್ತವನ ಸಂಗಡ ಮುಂದೆ ಸಾಗುವುದರಿಂದ, ಹಿಂದೆ ಉಳಿದವರ ಮನೆ ಓದುಗನ ಕಣ್ಣಿಗೆ ಮರೆಯಾಗುತ್ತದೆ. ತುರುಗಳನ್ನು ಬಿಡಿಸಲು ಹೋಗಿ ಬಿದ್ದವನ ಊರಿಗೆ ಆ ಮರೆವು ಸಾಧ್ಯವಿರಲಿಲ್ಲ. ಮರುದಿನ ಅವನ ಹೆಂಡತಿ ಒಲೆ ಹಚ್ಚಬೇಕಾಗಿತ್ತು, ಮಕ್ಕಳು ಉಣ್ಣಬೇಕಾಗಿತ್ತು. ಆದುದರಿಂದಲೇ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಬೆಳೆಯಿತು. ಶಾಸನಗಳು ಅದನ್ನು ನೆತ್ತರುಗೊಡಗೆಯೆಂದು ಕರೆದಿವೆ.

ಹಾಗಾದರೆ ವೀರನು ಭೂಮಿಗಾಗಿ ಪ್ರಾಣವನ್ನು ಮಾರಿದಂತಾಗಲಿಲ್ಲವೆ ಎಂದು ಕೇಳಬಹುದು. ಸ್ವರ್ಗದ ಆಸೆಯ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುವುದು: ಫಲಕ್ಕಾಗಿ ಸತ್ತವನು ವ್ಯಾಪಾರಿಯೋ ಧೀರನೋ? ಇಲ್ಲಿ ನಾರ್ಸ್ ಕಥೆ ಸಹಾಯಕ್ಕೆ ಬರುತ್ತದೆ. ಅದರ ವೀರರಿಗೆ ದೊರೆತ ಸ್ವರ್ಗವೂ ಕೊನೆಗೆ ಸುಟ್ಟುಹೋಗತಕ್ಕದ್ದು. ಫಲವೆಲ್ಲ ನಾಶವಾಗುವುದೆಂದು ತಿಳಿದೂ ಕಾದುವವನ ಮನಸ್ಸಿನಲ್ಲಿ ಉಳಿಯತಕ್ಕದ್ದು ಒಂದೇ: ತನ್ನ ಬೆನ್ನ ಹಿಂದೆ ಇರುವವರನ್ನು ಕಾಯಬೇಕೆಂಬುದು. ಕಿತ್ತಯ್ಯನಂಥವರ ಧೈರ್ಯಕ್ಕೂ ಇದಕ್ಕಿಂತ ಬೇರೆ ಬೇರು ಬೇಕಿಲ್ಲ. ಕೊಡಗೆಯಾದರೋ ಅವನು ಕೇಳಿದ ಕೂಲಿಯಾಗಬೇಕಾಗಿಲ್ಲ. ಬದುಕಿ ಉಳಿದವರು ಒಪ್ಪಿಕೊಂಡ ಋಣ ಅದು. ತಾವು ಉಳಿದದ್ದು ಮತ್ತೊಬ್ಬನ ರಕ್ತದಿಂದ ಎಂಬ ಅರಿವಿಗೆ ಊರು ಅಳೆದುಕೊಟ್ಟ ಭೂಮಿಯೇ ಸಾಕ್ಷಿ.

ಆದುದರಿಂದ ತರುಣರ ಕೈಯಿಂದ ಈ ಪುಸ್ತಕಗಳನ್ನು ಕಸಿದುಕೊಳ್ಳಬೇಕಾಗಿಲ್ಲ. ಸೋಲನ್ನು ಅರಿತೂ ಹಿಂದೆಗೆಯದಿರುವ ಪಾಠವನ್ನು ಅವು ಚೆನ್ನಾಗಿ ಕಲಿಸುತ್ತವೆ. ಅವು ಹೇಳದೆ ಬಿಟ್ಟದ್ದನ್ನು ಹೇಳುವ ಹೊಣೆ ಹಿರಿಯರದು. ಓದಿ ಮುಗಿಸಿದ ಹುಡುಗನನ್ನು ಒಮ್ಮೆ ಊರ ಕೆರೆಯ ಏರಿಗೆ ಕರೆದೊಯ್ದು, ಅಲ್ಲಿಯ ಕಲ್ಲನ್ನು ಕೆಳಗಣ ಪಟ್ಟಿಕೆಯಿಂದ ಮೊದಲು ಮಾಡಿ ತೋರಿಸಲಿ. ಅಪ್ಸರೆಯರನ್ನು ಅವನು ತಾನೇ ಗುರುತಿಸುವನು. ಈ ಕಲ್ಲನ್ನು ನಿಲ್ಲಿಸಿದವರು ಯಾರು, ಮಡಿದವನ ಮನೆಯವರನ್ನು ನೋಡಿಕೊಂಡವರು ಯಾರು ಎಂದು ಅವನಿಂದ ಕೇಳಿಸುವುದು ಮಾತ್ರ ಹಿರಿಯರ ಕೆಲಸ.