ಕಸುಬು ಹೊತ್ತು ಬಂದವರು

(ಶಿವಮೊಗ್ಗದ ರಾಗಿಗುಡ್ಡದ ಓಣಿಗಳಿಂದ ಭದ್ರಾವತಿಯ ಕಾರ್ಖಾನೆ ಬೀದಿಗಳವರೆಗೆ, ಬೇರೆ ಸೀಮೆಯಿಂದ ಬಂದು ನೆಲೆನಿಂತು ಮಕ್ಕಳನ್ನು ದಡ ಸೇರಿಸಿದ ಕೈಕಸುಬಿನ ಅಪ್ಪಂದಿರ ನೆನಪಿಗೆ)

• ಊರು ಬಿಡುವವನು ಹೊಲ, ಮನೆ, ನೆಂಟರು ಎಲ್ಲವನ್ನೂ ಹಿಂದೆ ಬಿಡಬಲ್ಲ. ಕಲಿತ ಕಸುಬು ಮಾತ್ರ ಹೇಳದೆಯೂ ಜೊತೆಗೆ ಬರುತ್ತದೆ. ಸಾಲ ಕೊಟ್ಟವನೂ ಅದನ್ನು ಜಪ್ತಿ ಮಾಡಲಾರ.

• 1918ರಲ್ಲಿ ಭದ್ರೆಯ ದಡದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. ಅದಕ್ಕೀಗ ವಿಶ್ವೇಶ್ವರಯ್ಯನವರ ಹೆಸರಿದೆ, ಇರಬೇಕಾದದ್ದೇ. ಇಟ್ಟಿಗೆ ಇಟ್ಟವನ ಹೆಸರು ಅವನ ಮೊಮ್ಮಕ್ಕಳಿಗಾದರೂ ನೆನಪಿರಲಿ.

• ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಹತ್ತೂರಿನ ತೋಳು: ಮೂರೂ ಸೇರಿದಾಗಲೇ ಕುಲುಮೆಯಲ್ಲಿ ಕಬ್ಬಿಣ ಕರಗಿತು. ಮೊದಲೆರಡರ ತೂಕ ಕಡತಗಳಲ್ಲಿದೆ. ಮೂರನೆಯದನ್ನು ತೂಗಿದವರಿಲ್ಲ.

• ಬಂದವರನ್ನು ಮಲೆನಾಡು ಮೊದಲು ಚಳಿಜ್ವರದಿಂದ ಪರೀಕ್ಷಿಸುತ್ತಿತ್ತು. ಮಲೇರಿಯಾಕ್ಕೆ ಹೆದರಿ ಗಂಟುಮೂಟೆ ಕಟ್ಟಿದವರಿದ್ದರು. ಹೆದರಿಯೂ ಉಳಿದವರಿಂದ ಬಡಾವಣೆಗಳು ಹುಟ್ಟಿದವು.

• ಗೋಡೆ ನೆಟ್ಟಗಿದೆಯೇ ಎಂದು ಮೇಸ್ತ್ರಿಗೆ ತೂಗುಗುಂಡು ಹೇಳುತ್ತದೆ. ಮಕ್ಕಳ ವಿಷಯದಲ್ಲಿ ಅಂಥ ಉಪಕರಣ ಇರಲಿಲ್ಲ. ಹಾಗಾಗಿ ಅವರ ಮುಂದೆ ಅವನೇ ನೆಟ್ಟಗೆ ನಡೆದುಕೊಂಡ.

• ಬಟವಾಡೆಯ ದಿನ ಹುಟ್ಟೂರಿನ ತಾಯಿಗೆ ಮನಿಯಾರ್ಡರ್, ದಿನಸಿ ಅಂಗಡಿಯ ಬಾಕಿ, ಮಕ್ಕಳ ಫೀಸು. ಪಟ್ಟಿಯಲ್ಲಿ ತನ್ನ ಹೆಸರು ಬರೆದುಕೊಳ್ಳಲು ಮರೆತವನನ್ನೇ ಜನ ಸಂಸಾರಸ್ಥ ಅನ್ನುವುದು.

• ರಾತ್ರಿ ಪಾಳಿಯವನಿಗೆ ಹಗಲು ನಿದ್ದೆ ಬೇಕು. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳನ್ನು ಸದ್ದಿಲ್ಲದೆ ಆಡಿಸಿದ ಹೆಂಡತಿಯ ದುಡಿಮೆ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

• ಅಪ್ಪ ಪ್ರೀತಿಯನ್ನು ಬಾಯಿಬಿಟ್ಟು ಹೇಳಲಿಲ್ಲ ಎಂಬ ದೂರು ಬಹಳ ಮನೆಗಳಲ್ಲಿದೆ. ಓಟಿ ಮುಗಿಸಿ ಬಂದವನ ಬಳಿ ಮಾತು ಉಳಿದಿರುತ್ತಿರಲಿಲ್ಲ. ಪೊಟ್ಟಣದಲ್ಲಿ ಬೋಂಡ ಇರುತ್ತಿತ್ತು.

• ಅಪ್ಪ ಕನ್ನಡ ಕಲಿತದ್ದು ಕೂಲಿ ಕೇಳಲು, ಮಗಳು ಕಲಿತದ್ದು ಕಥೆ ಓದಲು. ಒಂದು ತಲೆಮಾರಿನ ಸಂಪಾದನೆ ಎಂದರೆ ಇಷ್ಟು.

• 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ನಾಡಿಗೆ ಬರೆಯಲು ಹಾಳೆ ಕೊಟ್ಟಿತು. ಹೆಬ್ಬೆಟ್ಟು ಒತ್ತಿ ಸಂಬಳ ಪಡೆದವರೂ ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟರು.

• ಆಡಿಕೃತ್ತಿಕೆಯಂದು ಶಿವಮೊಗ್ಗದ ಗುಡ್ಡೇಕಲ್ಲಿನ ಮುರುಗನ ಗುಡಿಗೆ ಕಾವಡಿ ಹೊತ್ತು ನಡೆಯುವವರಿಗೆ ಊರು ಸಂತೋಷದಿಂದ ದಾರಿ ಬಿಡುತ್ತದೆ. ಅವರಲ್ಲೊಬ್ಬ ಬಾಡಿಗೆ ಮನೆ ಕೇಳಿ ಬಂದರೆ ಅದೇ ಊರು ಯೋಚಿಸುತ್ತದೆ.

• ತಮಿಳು ಸೀಮೆಯಿಂದ ಬಂದವನು ಇಲ್ಲಿ ತಮಿಳಿನವನು, ಹುಟ್ಟೂರಿನಲ್ಲಿ ಮೈಸೂರು ಕಡೆಯವನು. ಸ್ವಂತ ಮನೆ ಕಟ್ಟಿದ ದಿನವೂ ಈ ತಕರಾರು ಮುಗಿಯಲಿಲ್ಲ. ಹೆತ್ತ ತಂದೆಯನ್ನು ಇಲ್ಲಿನ ಮಣ್ಣಿಗೆ ಒಪ್ಪಿಸಿದ ದಿನ ಮುಗಿಯಿತು.

• ಉಳಿಯ ಹಿಡಿಯಲ್ಲಿ ಮರ ಸವೆದ ಜಾಗಕ್ಕೆ ಬೆರಳಿಟ್ಟರೆ ಅಪ್ಪನ ಕೈಯ ಅಳತೆ ಸಿಗುತ್ತದೆ. ಗುಜರಿಗೆ ಹಾಕುವ ಮುನ್ನ ಒಮ್ಮೆ ಅಳೆದು ನೋಡಬೇಕು.

• ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದದ್ದು 1923ರಲ್ಲಿ. ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರಲ್ಲಿ. ಆಗ ಅದರ ಉಳಿವಿಗಾಗಿ ಬೀದಿಗಿಳಿದವನನ್ನು ‘ನಿನ್ನ ಮೂಲ ಊರು ಯಾವುದು’ ಎಂದು ಕೇಳಬೇಕಿಲ್ಲ.

• ವಲಸೆ ಬಂದವನ ಮೊಮ್ಮಗ ಹೊಸದಾಗಿ ಬಂದವನನ್ನು ಹೊರಗಿನವನು ಅಂದರೆ, ಅಜ್ಜ ಪಟ್ಟ ಪಾಡು ವ್ಯರ್ಥವಾದಂತೆ.

• ಇಂದು ನಮ್ಮ ಕಟ್ಟಡಗಳ ಸಾರುವೆ ಏರುತ್ತಿರುವವರು ಬಿಹಾರ, ಒಡಿಶಾದ ಹುಡುಗರು. ಅಪ್ಪನ ತಿಥಿಗೆ ಎಡೆ ಇಡುವವರು ಇದನ್ನೂ ಮಾಡಿ: ಆ ಹುಡುಗರ ಹೆಸರು ಕೇಳಿ ತಿಳಿದುಕೊಳ್ಳಿ, ಅವರ ಕೂಲಿಯನ್ನು ಅಂದಿನ ಸಂಜೆಯೇ ಕೊಟ್ಟುಬಿಡಿ.