ಮಸಿ ಹತ್ತಿದ ಕೈ

"ಓದದಿದ್ದರೆ ಗ್ಯಾರೇಜಿಗೆ ಸೇರಿಸಿಬಿಡುತ್ತೇನೆ" ಎಂಬ ಮಾತನ್ನು ಪೋಷಕರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಿಂದೆ ಎಮ್ಮೆ ಕಾಯುವ ಮಾತಿತ್ತು. ಎಮ್ಮೆಗಳು ಕಡಿಮೆಯಾದ ಮೇಲೆ ಆ ಜಾಗಕ್ಕೆ ಗ್ಯಾರೇಜು ಬಂದಿದೆ. ಹೀಗೆ ಮಕ್ಕಳನ್ನು ಹೆದರಿಸಲು ಬಳಸುವ ಕೆಲಸವನ್ನೇ ಚೆನ್ನಾಗಿ ಓದಿದವನೊಬ್ಬ ಕೈಯಿಂದ ದುಡ್ಡು ಹಾಕಿ, ರಜೆ ತೆಗೆದುಕೊಂಡು, ಖುಷಿಯಿಂದ ಮಾಡಿದರೆ? ಆಗ ಅದೇ ಕೆಲಸ ದೊಡ್ಡದಾಗುತ್ತದೆಯೆ?

2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿರುವ ನನ್ನ ತಂಗಿಯ ಮಗನ ಮನೆಗೆ ಹೋಗಿದ್ದೆ. ಅವನು ಕಂಪ್ಯೂಟರ್ ಎಂಜಿನಿಯರು. ಓಡಾಟಕ್ಕೊಂದು ಕಾರು, ಪ್ರೀತಿಗೊಂದು ಕಾರು. ಪ್ರೀತಿಯದು 1995ರ ಫೋರ್ಡ್ ಮಸ್ಟಾಂಗ್. ಎಂಟು ಸಿಲಿಂಡರಿನ ಐದು ಲೀಟರ್ ಎಂಜಿನ್, 215 ಅಶ್ವಶಕ್ತಿ. ಅದೂ ಸಾಲದೆಂದು ಎರಕದ ಕಬ್ಬಿಣದ ಎರಡು ಹಳೆಯ ಸಿಲಿಂಡರ್ ಹೆಡ್ಡುಗಳನ್ನು ಇಳಿಸಿ, ಗಾಳಿ ಇನ್ನೂ ಸರಾಗವಾಗಿ ಆಡುವ ಅಲ್ಯೂಮಿನಿಯಂ ಹೆಡ್ಡುಗಳನ್ನು ಕೂರಿಸಲು ಹೊರಟಿದ್ದ. ಹೆಡ್ಡೆಂದರೆ ಸಿಲಿಂಡರುಗಳ ಮುಚ್ಚಳವೆನ್ನಿ. ನಮ್ಮ ಕುಕ್ಕರಿನಂತೆ ಇದಕ್ಕೂ ಗ್ಯಾಸ್ಕೆಟ್ಟುಂಟು. ಆದರೆ ಈ ಗ್ಯಾಸ್ಕೆಟ್ಟು ಉರಿಯುವ ಅನಿಲ, ಎಣ್ಣೆ, ಎಂಜಿನ್ನನ್ನು ತಣಿಸುವ ನೀರು ಈ ಮೂರನ್ನೂ ಬೇರೆಬೇರೆಯಾಗಿಯೇ ಇಡಬೇಕು. ನೀರು ಹೋಗಿ ಎಣ್ಣೆಗೆ ಸೇರಿದರೆ ಎಣ್ಣೆಯೆಲ್ಲ ಹಾಲು ಬೆರೆಸಿದ ಕಾಫಿಯಂತಾಗುತ್ತದೆ.

ಮನೆಯ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ನಾನು ನೋಡುತ್ತಿದ್ದೆ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಟ್ಟ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಿತು. ನೇರ ಪಟ್ಟಿಯೊಂದನ್ನಿಟ್ಟು, ಅದರಡಿ ಕಾಗದದಷ್ಟು ತೆಳುವಾದ ಉಕ್ಕಿನ ತಗಡು ತೂರುತ್ತದೆಯೇ ಎಂದು ನೋಡಿ, ಮೈ ಸಮತಟ್ಟಾಗಿದೆಯೆಂದು ಖಾತ್ರಿ ಮಾಡಿಕೊಂಡ. ಹೆಡ್ಡೊಂದಕ್ಕೆ ಹತ್ತು ಬೋಲ್ಟು. ಅವನ್ನು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ, ಟಾರ್ಕ್ ರೆಂಚಿನಿಂದ ಅಳೆದು, ಹಂತ ಹಂತವಾಗಿ ಬಿಗಿಯಬೇಕು. ಹಳೆಯ ಬೋಲ್ಟು ಚೆನ್ನಾಗಿಯೇ ಇವೆಯಲ್ಲಪ್ಪ ಎಂದೆ. "ಕಣ್ಣಿಗೆ ಚೆನ್ನಾಗಿವೆ ದೊಡ್ಡಮ್ಮ. ಒಂದು ಸಲ ಬಿಗಿದರೆ ಹಿಗ್ಗಿಬಿಡುತ್ತವೆ, ಮತ್ತೆ ನಂಬೋ ಹಾಗಿಲ್ಲ" ಎಂದು ಎಲ್ಲವನ್ನೂ ಡಬ್ಬಕ್ಕೆ ಎಸೆದ. ಆ ಶಕ್ತಿಯಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅಲ್ಲಿನ ಹೆದ್ದಾರಿಗಳಲ್ಲೂ ಗಂಟೆಗೆ 70 ಮೈಲಿಯಂಥ ಮಿತಿಯುಂಟು. ಇದು ಉಳ್ಳವರ ಆಟವೆಂದು ನನಗನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಆ ಶ್ರದ್ಧೆ ಆಟದ್ದಾಗಿರಲಿಲ್ಲ.

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಮತ್ತೆ ಕಟ್ಟಲಿಲ್ಲ. ಅವನೂ ಟೆಂಪೋ, ಜೀಪುಗಳ ಹೆಡ್ಡು ಇಳಿಸುತ್ತಾನೆ. ಕುರ್ಚಿಯಿಲ್ಲ, ಮೇಲೆ ತಗಡಿನ ಮಾಡು. ಕಳೆದ ವರ್ಷ ಅವನ ತಾಯಿ ಒಂದು ಸಂಬಂಧದ ವಿಚಾರ ಮಾತಾಡಿ ಬನ್ನಿ ಎಂದು ನನ್ನನ್ನು ಕಳಿಸಿದರು. ಹುಡುಗಿಯ ತಾಯಿ ಕಾಫಿ ಕೊಟ್ಟು, "ಹುಡುಗ ಬಂಗಾರದಂಥವನೇ ಮಿಸ್, ಆದರೆ ಮೆಕ್ಯಾನಿಕ್ಕು. ಉಗುರಿನ ಸಂದಿಯ ಮಸಿ ಯಾವತ್ತಾದರೂ ಹೋದೀತೆ?" ಎಂದರು. ಮಾತಿಗೆ ಮಾತು ಬಂದು ನನ್ನ ಫೋನಿನಲ್ಲಿದ್ದ ಮಿಷಿಗನ್ನಿನ ಫೋಟೋ ತೋರಿಸಿದೆ. ನಮ್ಮ ಹುಡುಗ ಮೊಣಕೈವರೆಗೂ ಮಸಿ ಬಳಿದುಕೊಂಡು ನಗುತ್ತಿದ್ದ. ಆಕೆ ಫೋಟೋ ದೊಡ್ಡದು ಮಾಡಿ ನೋಡಿ, "ಅಬ್ಬಾ, ಎಷ್ಟು ಚಟುವಟಿಕೆ! ಇವರಿಗೆ ಹೆಣ್ಣು ನೋಡ್ತಿದ್ದೀರಾ ಮಿಸ್?" ಎಂದು ಕೇಳಿಬಿಟ್ಟರು.

ಆಕೆಯನ್ನೊಬ್ಬರನ್ನೇ ಅನ್ನುವುದು ನ್ಯಾಯವಲ್ಲ. ಮಗಳ ಮುಂದಿನ ಬದುಕಿನ ಲೆಕ್ಕ ಯಾವ ತಾಯಿಗಿಲ್ಲ? ಒಬ್ಬನ ಸಂಬಳ ಡಾಲರಿನಲ್ಲಿ ಬರುತ್ತದೆ, ಇನ್ನೊಬ್ಬನಿಗೆ ಗಾಡಿ ಕೆಟ್ಟರಷ್ಟೇ ಅನ್ನ. ಸಂಬಳ ನೋಡಿ ಬೇಡವೆಂದಿದ್ದರೆ ನನಗೂ ಅರ್ಥವಾಗುತ್ತಿತ್ತು. ಮಸಿಯ ಹೆಸರು ಹೇಳಿದ್ದು ನನಗೆ ಸಹಿಸಲಿಲ್ಲ. ಶರಣರನ್ನು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎಂದು ಅವರವರ ಕಾಯಕದ ಸಮೇತವೇ ಕರೆಯುತ್ತೇವೆ. ಕಾಯಕದ ಮೇಲೆ ಪ್ರಶ್ನೆ ಕೇಳಿ ಅಂಕ ಕೊಡುವವಳೂ ನಾನೇ.

ಇಷ್ಟಪಟ್ಟು ಮಾಡುವ ಕೆಲಸ ಹೊಟ್ಟೆಪಾಡಿನ ಕೆಲಸಕ್ಕಿಂತ ಮೇಲು ಎಂದು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ತಂಗಿಯ ಮಗನ ಗ್ಯಾಸ್ಕೆಟ್ಟು ಸೋರಿದರೆ ಒಂದು ಭಾನುವಾರ ಹೋಯಿತು, ಅಷ್ಟೆ. ಇವನು ಕೂರಿಸಿದ ಹೆಡ್ಡು ಘಾಟಿಯಲ್ಲಿ ಕೈಕೊಟ್ಟರೆ ಟೆಂಪೋ ತುಂಬ ಜನ ರಸ್ತೆಯಲ್ಲಿ ನಿಲ್ಲಬೇಕು, ಮಾಲೀಕನ ಬಾಡಿಗೆ ಹೋಗಬೇಕು, ಇವನ ಹೆಸರೂ ಹೋಗಬೇಕು. ಯಾರ ಕೈಯ ಮೇಲೆ ಹೆಚ್ಚು ಭಾರವಿದೆ, ನೀವೇ ಹೇಳಿ. ಹಾಗೆಂದು ಹುಡುಗರು ಓದು ಬಿಟ್ಟು ಪಾನ ಹಿಡಿಯಲಿ ಎಂದು ನಾನು ಹೇಳುವುದಿಲ್ಲ. ಗಣಿತ ಕಟ್ಟು ಎಂದು ಅವನಿಗೆ ಇಂದಿಗೂ ಹೇಳುತ್ತಲೇ ಇದ್ದೇನೆ.

ಆ ಸಂಬಂಧ ಕೂಡಿಬರಲಿಲ್ಲ. ಮೊನ್ನೆ ಗ್ಯಾರೇಜಿನ ಮುಂದೆ ಹೋಗುವಾಗ ಅದೇ ಫೋಟೋಗಳನ್ನು ಅವನಿಗೂ ತೋರಿಸಿದೆ. ಕೈ ಒರೆಸಿಕೊಂಡು, ಒಂದೊಂದನ್ನೂ ನಿಧಾನವಾಗಿ ನೋಡಿದ. ಕಾರಿನ ಬೆಲೆ ಕೇಳಲಿಲ್ಲ, ವೇಗ ಕೇಳಲಿಲ್ಲ.

"ಹೆಡ್ ಬೋಲ್ಟು ಹೊಸದು ಹಾಕಿದ್ರಾ ಮಿಸ್?"

"ಹೂಂ, ಹಳೇದು ಎಸೆದ."

"ಹಾಗಾದ್ರೆ ಅವರಿಗೆ ಕೆಲಸ ಗೊತ್ತು" ಎಂದು ಫೋನು ವಾಪಸು ಕೊಟ್ಟು, ಜೀಪಿನ ಕೆಳಗೆ ಸರಿದ.